ಕಣ್ಣು ತೆಗೆದ ಡೇರೆ ಗೆಡ್ಡೆ

ಸಾಗರದಿಂದ ಹೊಸನಗರಕ್ಕೆ ನಮ್ಮ ಸಾಮಾನು ಹೋದ ಲಾರಿಯಲ್ಲಿ ಡ್ರೈವರನ ಪಕ್ಕದ ಜಾಗ ಸಿಕ್ಕಿದ್ದು ಒಂದು ಸೀಮೆಎಣ್ಣೆ ಡಬ್ಬಕ್ಕೆ. ಡಬ್ಬದ ಪಕ್ಕದಲ್ಲಿ ಅತ್ತೆ ಕೂತಿದ್ದರು. ನಾನು, ನನ್ನ ಗಂಡ ಹಿಂದೆ ತಾಡಪಾಲಿನಡಿ, ಉಳಿದ ಡಬ್ಬಗಳು ಉರುಳದಂತೆ ಕಾಲಲ್ಲಿ ಒತ್ತಿ ಹಿಡಿದಿದ್ದೆವು. ಮಳೆಗಾಲ. ದಾರಿಯಲ್ಲಿ ಎರಡು ಮೂರು ಕಡೆ ಲಾರಿ ನಿಂತಿತು. ನಿಂತಾಗಲೆಲ್ಲ ಮುಂದಿನಿಂದ ಅತ್ತೆಯ ದನಿ ಕೇಳುತ್ತಿತ್ತು. ಅವರು ವಿಚಾರಿಸುತ್ತಿದ್ದುದು ನಮ್ಮನ್ನಲ್ಲ, ಡಬ್ಬಗಳನ್ನು.

ನನ್ನ ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಿತ್ತು. ಕ್ವಾರ್ಟರ್ಸಿನ ಅಂಗಳ ಅಗೆಯಬಾರದು ಎಂದು ಸಾಗರದಲ್ಲಿ ಒಬ್ಬ ಸಾಹೇಬರು ಹೇಳಿಹೋಗಿದ್ದರು. ಸಾಹೇಬರು ಬದಲಾದರೂ ಮಾತು ಉಳಿದಿತ್ತು. ಕಳ್ಳಿಬೇಲಿಯ ಬುಡದಲ್ಲಿ ಅತ್ತೆ ಒಂದು ದಿನ ಕತ್ತಿ ಹಿಡಿದು ಕೂತಿದ್ದನ್ನು ಕಂಡು ನನ್ನ ಗಂಡ ಓಡಿಹೋದರು.

"ಅಮ್ಮ, ನೆಲ ಸರ್ಕಾರದ್ದು."

"ಹೌದು. ಡಬ್ಬ ಎಂಗಳದ್ದು," ಎಂದರು ಅತ್ತೆ.

ಅಂದಿನಿಂದ ನಮ್ಮ ಮನೆಯಲ್ಲಿ ತೂತಾದದ್ದು ಯಾವುದೂ ಹೊರಗೆ ಹೋಗಲಿಲ್ಲ. ಸೀಮೆಎಣ್ಣೆ ಡಬ್ಬ, ವನಸ್ಪತಿ ಡಬ್ಬ, ತಳ ಹೋದ ಬಕೀಟು, ಬಾಯಿ ಒಡೆದ ಮಡಕೆ, ಕಡೆಗೆ ನನ್ನ ತವರಿನವರು ಕೊಟ್ಟ ಹಂಡೆಯೂ ತಿಂಗಳೊಳಗೆ ತೂತಾಯಿತು. ತಾನಾಗಿಯೇ ತೂತಾಯಿತೋ ಇಲ್ಲವೋ ನಾನು ನೋಡಿಲ್ಲ. ನೋಡದ್ದನ್ನು ಹೇಳುವುದಿಲ್ಲ.

ಡಬ್ಬಗಳಲ್ಲಿ ತುಳಸಿ, ಗುಲಾಬಿ, ಸೇವಂತಿಗೆ ಇದ್ದವು. ಆದರೆ ಲಾರಿಯ ಮುಂದಿನ ಸೀಟು ಡೇರೆಗೆ, ಪೇಟೆಯವರು ಡೇಲಿಯಾ ಅನ್ನುವ ಹೂಗಿಡಕ್ಕೆ ಮಾತ್ರ. ಅತ್ತೆಯ ತವರು ಶರಾವತಿಯ ದಡದ ಒಂದು ಊರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುವ ಮೊದಲು ಅವರ ಅಣ್ಣಂದಿರು ಮನೆಯ ಹೆಂಚು, ತೊಲೆ, ಬಾಗಿಲು ಬಿಚ್ಚಿ ಸಾಗಿಸಿದರು. ಅತ್ತೆ ಬಚ್ಚಲ ಹಿಂದಿನಿಂದ ಒಂದು ಡೇರೆ ಗೆಡ್ಡೆ ಅಗೆದು ಸೆರಗಲ್ಲಿ ಕಟ್ಟಿಕೊಂಡು ಬಂದರು. ಊರು ಮುಳುಗಿತು. ಅಣ್ಣಂದಿರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಅವರಲ್ಲಿ ಯಾರ ಹತ್ತಿರವೂ ಆ ಡೇರೆ ಉಳಿಯಲಿಲ್ಲ. ಕಪ್ಪು ಅನ್ನಿಸುವಷ್ಟು ಕೆಂಪು ಹೂ. ಎಸಳಿನ ತುದಿಯಲ್ಲಿ ಮಾತ್ರ ಉಗುರಿನಷ್ಟು ಬಿಳಿ. ಅಂಥ ಬಣ್ಣವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಅದು ಹೋದರೆ ಮತ್ತೆ ತರಲು ಊರೇ ಇರಲಿಲ್ಲ.

ಅತ್ತೆ ಹೂ ಮುಡಿಯುವಂತಿರಲಿಲ್ಲ. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಹೂ ಬಿಟ್ಟ ದಿನ ಒಂದು ದೇವರಿಗೆ, ಒಂದು ನನ್ನ ಜಡೆಗೆ. ಜಡೆಗೆ ಸಿಕ್ಕಿಸಿದ ಕೂಡಲೇ ಮನೆಯಲ್ಲಿ ಏನಾದರೊಂದು ತೀರಿಹೋಗುತ್ತಿತ್ತು. ಉಪ್ಪು ತಾ, ಕೊತ್ತಂಬರಿ ತಾ ಎಂದು ನನ್ನನ್ನು ಪೇಟೆಗೆ ಕಳಿಸುವರು. ದೂರದ ಅಂಗಡಿಯೇ ಆಗಬೇಕು. ತಟ್ಟೆಯಷ್ಟಗಲದ ಹೂ ಹೊತ್ತು ನಾನು ಸಾಗರದ ಪೇಟೆ ಸುತ್ತಿ ಬರುವಷ್ಟರಲ್ಲಿ ಹಿಂದೆಯೇ ಇಬ್ಬರು ಹೆಂಗಸರು ಬಂದು ಅಂಗಳದಲ್ಲಿ ನಿಂತಿರುತ್ತಿದ್ದರು.

"ಅಮ್ಮ, ಒಂದು ಗೆಡ್ಡೆ ಕೊಡ್ತೀರಾ?"

"ಅಯ್ಯೋ, ಅದಕ್ಕೇನು! ಗಿಡ ಒಣಗಲಿ, ಗೆಡ್ಡೆ ತೆಗೆಯೋವಾಗ ಬನ್ನಿ."

ನಮ್ಮ ಕಡೆ ಗಿಡ ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿಯಿಲ್ಲ. ಅತ್ತೆ ಪದ್ಧತಿ ಬಿಟ್ಟವರಲ್ಲ. ಚಳಿಗಾಲದಲ್ಲಿ ಗಿಡ ಒಣಗಿದ ಮೇಲೆ ಡಬ್ಬ ಬೋರಲು ಹಾಕಿ, ಗೆಡ್ಡೆಯ ಗೊಂಚಲನ್ನು ಒದರಿ, ಚೂರಿ ತೆಗೆದುಕೊಂಡು ಕೂರುವರು. ಡೇರೆ ಗೆಡ್ಡೆ ನೋಡಲು ಸಿಹಿಗೆಣಸಿನಂತೆ. ಆದರೆ ಅದು ಚಿಗುರುವುದು ಗೆಡ್ಡೆಯಿಂದಲ್ಲ. ಗೆಡ್ಡೆ ಹಳೆಯ ಕಾಂಡಕ್ಕೆ ಸೇರುವ ಕುತ್ತಿಗೆಯಲ್ಲಿ ಸಾಸಿವೆಯಂಥ ಕಣ್ಣಿರುತ್ತದೆ, ಅಲ್ಲಿಂದ. ಕುತ್ತಿಗೆಯ ಚೂರು ಬಾರದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ, ಅಷ್ಟೆ.

ಅತ್ತೆ ಕೇಳಿದವರಿಗೆಲ್ಲ ದಪ್ಪ ಗೆಡ್ಡೆಗಳನ್ನೇ ಆರಿಸಿ ಕೊಡುತ್ತಿದ್ದರು. ಕತ್ತರಿಸುವಾಗ ಚೂರಿಯನ್ನು ಕುತ್ತಿಗೆಯ ಈಚೆ ಇಡುತ್ತಿದ್ದರು. ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಕೈ ಒಂದು ಸಲವೂ ತಪ್ಪಲಿಲ್ಲ.

"ಅತ್ತೆ, ಇದಕ್ಕೆ ಕಣ್ಣಿಲ್ಲೆ," ಎಂದೆ.

"ಅವು ಕೇಳಿದ್ದು ಗೆಡ್ಡೆ. ಕಣ್ಣು ಕೊಡಿ ಹೇಳಿ ಯಾರೂ ಕೇಳಿದ್ದಿಲ್ಲೆ."

ಇದು ಒಂದೇ ವರ್ಷದಲ್ಲಿ ಬಯಲಾಗಬೇಕಿತ್ತು. ಆಗಲಿಲ್ಲ. ಕೊಟ್ಟ ಗಿಡ ಬರಲಿಲ್ಲ ಎಂದರೆ ಕೊಟ್ಟವರ ಕೈಗುಣ ಕೆಟ್ಟದ್ದು ಎಂದಂತೆ. ಅದನ್ನು ಮುಖಕ್ಕೆ ಹೇಳುವುದುಂಟೆ? ತನ್ನ ಕೈಗುಣ ಕೆಟ್ಟದ್ದು ಎಂದು ಒಪ್ಪುವುದಂತೂ ಇನ್ನೂ ಕಷ್ಟ. ಹಾಗಾಗಿ ಗೆಡ್ಡೆ ಒಯ್ದವರೆಲ್ಲ ಮುಂದಿನ ಮಳೆಗಾಲದಲ್ಲಿ ಅತ್ತೆಯನ್ನು ಕಂಡಲ್ಲಿ ನಿಲ್ಲಿಸಿ, "ನಿಮ್ಮ ಡೇರೆ ಎಷ್ಟು ಚೆನ್ನಾಗಿ ಬಂತು ಅಂತೀರಿ!" ಎನ್ನುತ್ತಿದ್ದರು. ಅತ್ತೆ, "ಎಲ್ಲ ನಿಮ್ಮ ಕೈಗುಣ," ಎನ್ನುತ್ತಿದ್ದರು. ಬರಲಾರದು ಎಂದು ಗೊತ್ತಿದ್ದವರೂ ಬರಲಿಲ್ಲ ಎಂದು ಗೊತ್ತಿದ್ದವರೂ ಎದುರೆದುರು ನಿಂತು ಇಲ್ಲದ ಹೂವನ್ನು ಹೊಗಳುವುದನ್ನು ನಾನು ತರಕಾರಿ ಚೀಲ ಹಿಡಿದು ಕೇಳುತ್ತಿದ್ದೆ. ಅತ್ತೆಯ ಕೈಗುಣ ಊರಲ್ಲೆಲ್ಲ ಹೆಸರಾಯಿತು. ಗೆಡ್ಡೆ ಕೇಳುವವರು ಹೆಚ್ಚಾದರು.

ಹೊಸನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಸ್ ಏಜೆಂಟರ ಹೆಂಡತಿ ಇದ್ದಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಮೊದಲ ವರ್ಷ ಅವಳೂ ಒಂದು ಗೆಡ್ಡೆ ಒಯ್ದಳು. ಮಳೆಗಾಲ ಬಂದು ಹೋಯಿತು. ಊರಿನ ಉಳಿದ ಹೆಂಗಸರಂತೆ ಅವಳು ಚೆನ್ನಾಗಿ ಬಂತು ಅನ್ನಲಿಲ್ಲ. ಬರಲಿಲ್ಲ ಎಂದೂ ಅನ್ನಲಿಲ್ಲ. ಮರುವರ್ಷ ಒಂದು ಬೆಳಿಗ್ಗೆ ಅತ್ತೆ ಡಬ್ಬದ ಮುಂದೆ ನಿಂತು ಕೂಗಿಕೊಂಡರು. ಚಿಗುರು ಬಂದಿದ್ದ ಗೊಂಚಲಿನ ಒಂದು ಬದಿ ಕಣ್ಣುಸಮೇತ ಮುರಿದುಹೋಗಿತ್ತು. ಅತ್ತೆ ಯಾರ ಹೆಸರನ್ನೂ ಹೇಳಲಿಲ್ಲ. ಏಜೆಂಟರ ಮನೆಯ ಕಡೆ ಮುಖ ಮಾಡಿ, "ಕದ್ದವರ ಕೈ ಬಿದ್ದುಹೋಗ್ಲಿ," ಎಂದು ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಹೇಳಿದರು.

ಬೇಲಿಯ ಆಚೆಯಿಂದ ಏಜೆಂಟರ ಹೆಂಡತಿ, "ಬೀಳ್ಲಿ ಬಿಡಿ ಅಮ್ಮ, ಇನ್ನೊಂದು ಕೈ ಇದ್ಯಲ್ಲ," ಎಂದಳು.

ಅದರ ಮೇಲೆ ಎರಡೂ ಮನೆಗೆ ಮಾತಿರಲಿಲ್ಲ. ಮುಂದಿನ ವರ್ಷ ನಮಗೆ ತೀರ್ಥಹಳ್ಳಿಗೆ ವರ್ಗವಾಯಿತು. ಡಬ್ಬ ಮತ್ತೆ ಮುಂದಿನ ಸೀಟಿನಲ್ಲಿ ಕೂತಿತು.

ತೀರ್ಥಹಳ್ಳಿಯ ಕ್ವಾರ್ಟರ್ಸು ಸಾಲುಮನೆ. ನಡುಗೋಡೆ ಹೆಂಚಿನ ಮಾಡಿಗೆ ಮುಟ್ಟುತ್ತಿರಲಿಲ್ಲ; ನಮ್ಮ ಅಟ್ಟ ಪಕ್ಕದವರ ಅಟ್ಟವೂ ಆಗಿತ್ತು. ಅಷ್ಟರವರೆಗೆ ಅತ್ತೆ ಗೆಡ್ಡೆಗಳನ್ನು ಬೂದಿ ಬೆರೆಸಿದ ಮರಳಿನಲ್ಲಿ ಅಟ್ಟದ ಮೇಲಿಡುತ್ತಿದ್ದರು. ಹೊಸನಗರದ ಕಳವಿನ ನಂತರ ಅವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಆ ವರ್ಷ ಗೊಂಚಲನ್ನು ಬಿಡಿಸಿ, ಅಡಿಗೆಮನೆಯ ಗೆಣಸಿನ ಬುಟ್ಟಿಯ ತಳದಲ್ಲಿ ಹಾಕಿ, ಮೇಲೆ ಗೆಣಸು ಹರಡಿದರು. ಅಲ್ಲಿ ಯಾರೂ ಹುಡುಕುವುದಿಲ್ಲ ಎಂದರು. ಅವರ ಮಾತು ಸರಿಯಿತ್ತು. ಹುಡುಕುವವರು ಯಾರೂ ಅಲ್ಲಿ ಹುಡುಕಲಿಲ್ಲ.

ಶಿವರಾತ್ರಿ ಕಳೆದು ಮಾವನ ಶ್ರಾದ್ಧ ಬಂತು. ಅಡಿಗೆಗೆ ಆಗುಂಬೆ ಕಡೆಯ ಭಟ್ಟರೊಬ್ಬರನ್ನು ಕರೆಸಿದ್ದೆವು. ನನ್ನ ಕೈಯಲ್ಲಿ ಎಳೆಗೂಸು. ಮಡಿಗೆ ಸಲ್ಲದವಳೆಂದು ನನ್ನನ್ನು ಹಿಂದಿನ ಜಗಲಿಯಲ್ಲಿ ಕೂರಿಸಿದ್ದರು. ಅತ್ತೆ ತುಂಗೆಗೆ ಸ್ನಾನಕ್ಕೆ ಹೋಗಿದ್ದರು. ಭಟ್ಟರು ಒಳಗಿನಿಂದ, "ಗೆಣಸು ಇಷ್ಟೇನಾ?" ಎಂದು ಕೇಳಿದ್ದು ನನಗೆ ನೆನಪಿದೆ. ನನ್ನ ಗಂಡ, "ಬುಟ್ಟಿಯಲ್ಲಿ ಇರೋದೆಲ್ಲ ಹಾಕಿ," ಎಂದದ್ದೂ ನೆನಪಿದೆ. ಸ್ವಲ್ಪ ಹೊತ್ತಿಗೆ ಭಟ್ಟರು ಸಿಪ್ಪೆ, ತೊಟ್ಟು, ತುದಿಗಳನ್ನೆಲ್ಲ ತಂದು ಪಕ್ಕದ ಮನೆಯವರ ಹಸುವಿನ ಮುಂದೆ ಸುರಿದರು. ಹಸು ಸರಸರನೆ ತಿಂದಿತು. ಸಿಪ್ಪೆಯನ್ನು ಯಾರು ನೋಡುತ್ತಾರೆ? ನಾನು ಮಗುವನ್ನು ನೋಡುತ್ತಿದ್ದೆ; ಬುಟ್ಟಿಯ ತಳದಲ್ಲಿದ್ದದ್ದು ನೆನಪಿಗೇ ಬರಲಿಲ್ಲ.

ಪುರೋಹಿತರು ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡರು. ಪಿತೃಗಳು ತೃಪ್ತರಾದರು ಎಂದು ಹೇಳಿ ದಕ್ಷಿಣೆ ಪಡೆದು ಹೋದರು. ಆಮೇಲೆ ಮನೆಯವರ ಊಟ. ಅತ್ತೆ ಪಲ್ಯ ಬಾಯಿಗಿಟ್ಟು, ಮುಖ ಸೊಟ್ಟ ಮಾಡಿ, "ಭಟ್ಟರೇ, ಈ ಸಲದ ಗೆಣಸು ಎಂತಕ್ಕೋ ಸಪ್ಪೆ," ಎಂದರು.

"ಸಿಹಿ ಇಲ್ಲ ಅಮ್ಮ. ಬುಟ್ಟಿಯ ತಳದಲ್ಲಿ ಇದ್ದದ್ದಂತೂ ಬರೀ ನೀರು. ಒಗ್ಗರಣೆಯಲ್ಲಿ ಸರಿ ಮಾಡಿದ್ದೀನಿ."

ಅತ್ತೆಯ ಕೈ ಎಲೆಯ ಮೇಲೆ ನಿಂತಿತು. ಅವರು ಅಡಿಗೆಮನೆಯ ಮೂಲೆ ನೋಡಿದರು. ಬುಟ್ಟಿ ಗೋಡೆಗೆ ಒರಗಿಸಿಟ್ಟಿತ್ತು, ಖಾಲಿ. ನಾನು ಬಾಗಿಲಾಚೆ ಕೂತು ಅವರ ಮುಖವನ್ನು ನೇರವಾಗಿ ನೋಡುತ್ತಿದ್ದೆ. ಶ್ರಾದ್ಧದ ಊಟವನ್ನು ಎಲೆಯಲ್ಲಿ ಬಿಡುವಂತಿಲ್ಲ. ಬಾಯಲ್ಲಿದ್ದುದನ್ನು ಉಗುಳುವಂತೆಯೂ ಇಲ್ಲ. ಅತ್ತೆ ತಲೆ ತಗ್ಗಿಸಿ ನಿಧಾನವಾಗಿ ಅಗಿದರು, ನುಂಗಿದರು. ಉಳಿದದ್ದನ್ನು ಒಟ್ಟುಮಾಡಿ ಅದನ್ನೂ ತಿಂದರು. ಎಲೆ ಸ್ವಚ್ಛವಾಯಿತು. ನಾನು ಆಮೇಲೆ ಸಾವುನೋವು ಎಷ್ಟೋ ಕಂಡಿದ್ದೇನೆ. ಆದರೆ ಸೂತಕ ಎಂದರೆ ಮೊದಲು ನೆನಪಾಗುವುದು ಆ ಪಲ್ಯವೇ.

ಮೊದಲ ಮಳೆ ಬೀಳುವವರೆಗೆ ಅತ್ತೆ ಆ ಮಾತೆತ್ತಲಿಲ್ಲ. ಮಳೆ ಬಿದ್ದ ಮರುದಿನ ಡೇರೆಯ ಡಬ್ಬಕ್ಕೆ ಮಣ್ಣು ತುಂಬಿ, ಗೊಬ್ಬರ ಹಾಕಿ, ಕೈ ತೊಳೆದು, "ಸಾಗರಕ್ಕೆ ಹೋಪ ತಂಗಿ. ಗೆಡ್ಡೆ ಕೊಟ್ಟವರ ಹತ್ರ ಒಂದು ಕೇಳ್ವ," ಎಂದರು.

ನಾನು ಚೂರಿ ಇಟ್ಟಿದ್ದ ಗೂಡಿನ ಕಡೆ ನೋಡಿದೆ.

"ಇಷ್ಟು ವರ್ಷದಲ್ಲಿ ಒಂದಾದರೂ ಕೈ ತಪ್ಪಿರಲಕ್ಕು," ಎಂದರು.

ನನ್ನ ಗಂಡ, "ಒಂದು ಹೂವಿನ ಗಿಡಕ್ಕೆ ಬಸ್ಸು ಹತ್ತೋದಾ?" ಎಂದರು.

"ನಿನ್ನ ವರ್ಗಕ್ಕೆ ಲಾರಿ ಆಗ್ತು, ಎನ್ನ ಗಿಡಕ್ಕೆ ಬಸ್ಸು ಆಗ್ತಿಲ್ಯನೋ?"

ಮಗುವನ್ನು ಎತ್ತಿಕೊಂಡು ಅತ್ತೆಯ ಹಿಂದೆ ಹೊರಟೆ. ಸಾಗರದಲ್ಲಿ ಮೊದಲು ಹೋದದ್ದು ವಕೀಲರ ಮನೆಗೆ. ವಕೀಲರ ಹೆಂಡತಿ ಉಪ್ಪರಿಗೆಯ ಬಾಲ್ಕನಿಯಲ್ಲಿ ಕುಂಡ ಸಾಲಾಗಿಟ್ಟವಳು. ಅತ್ತೆ ವಿಷಯ ಹೇಳಿದೊಡನೆ ಅವಳ ಮುಖದಲ್ಲಿ ಬಣ್ಣ ಬಂದು ಹೋಯಿತು.

"ಅಯ್ಯೋ, ಹೋದ ವರ್ಷ ಗಿಡದ ತುಂಬ ಹೂವು ಕಣ್ರೀ. ಗೆಡ್ಡೆ ತೆಗೀಬೇಕು ಅನ್ನೋಷ್ಟರಲ್ಲಿ ಮುಳ್ಳುಹಂದಿ ಬಂದು ತಿಂದ್ಕೊಂಡು ಹೋಯ್ತು."

ಪೇಟೆಯ ನಡುವಿನ ಮನೆಯ ಮೆಟ್ಟಿಲು ಹತ್ತಿ ಬಾಲ್ಕನಿಗೆ ಬಂದ ಆ ಮುಳ್ಳುಹಂದಿಯ ಬಗ್ಗೆ ಅತ್ತೆ ಏನೂ ಕೇಳಲಿಲ್ಲ. "ಹೌದು, ಅವುಗಳ ಕಾಟ ಜಾಸ್ತಿ," ಎಂದರು.

ಎರಡನೆಯದು ಜವಳಿ ಅಂಗಡಿಯವರ ಮನೆ. ಅಲ್ಲಿಯ ಡೇರೆಯನ್ನು ತಂಗಿ ಶಿವಮೊಗ್ಗಕ್ಕೆ ಒಯ್ದಿದ್ದಳಂತೆ. ಅತ್ತೆ, "ಬಣ್ಣ ಚೆನ್ನಾಗಿ ಬಂದಿತ್ತಾ?" ಎಂದರು. "ಬಂಗಾರದ ಹಾಗೆ ಹಳದಿ!" ಎಂದಳು ಆಕೆ. ಅತ್ತೆ ಅದಕ್ಕೂ ತಲೆಯಾಡಿಸಿದರು.

ಮೂರನೆಯದು ನಾವಿದ್ದ ಬೀದಿಯ ಕೊನೆಯ ಮನೆ, ಒಬ್ಬ ಮೇಷ್ಟರ ತಾಯಿಯದು. ವಯಸ್ಸಾಗಿತ್ತು, ಬೆನ್ನು ಬಾಗಿತ್ತು. ನಾವು ಹೋದಾಗ ಹಿತ್ತಲಲ್ಲಿ ಒಂದು ಡಬ್ಬಕ್ಕೆ ಚೊಂಬಿನಿಂದ ನೀರು ಹಾಕುತ್ತಿದ್ದರು. ಡಬ್ಬದಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಒಂದು ಕಳೆಯೂ ಇರಲಿಲ್ಲ. ಕೋಳಿ ಕೆದಕದಂತೆ ಸುತ್ತ ಮುಳ್ಳು ಚುಚ್ಚಿದ್ದರು.

"ನೀವು ಕೊಟ್ಟಿದ್ದೇ ಇದು," ಎಂದರು. "ನಿಮ್ಮ ಹತ್ರ ಹೇಳಕ್ಕೆ ನಾಚಿಕೆ ಆಗಿ ಹೇಳ್ಲಿಲ್ಲ. ಎಲ್ಲರ ಮನೇಲೂ ಬಂತಂತೆ, ನನಗೇ ಬರ್ಲಿಲ್ಲ. ನಮ್ಮೆಜಮಾನ್ರು ಹೇಳ್ತಿದ್ರು, ನಿನ್ನ ಕೈಲಿ ಹುಲ್ಲೂ ಹುಟ್ಟಲ್ಲ ಅಂತ. ಆದರೂ ಮಳೆ ಬೀಳೋ ಹೊತ್ತಿಗೆ ಮಣ್ಣು ಸಡಿಲ ಮಾಡಿ ನೀರು ಹಾಕ್ತೀನಿ. ಈ ವರ್ಷ ಬರ್ಬೋದು, ಅಲ್ವಾ?"

ಅತ್ತೆ ಬಗ್ಗಿ ಡಬ್ಬದ ಮಣ್ಣಿಗೆ ಬೆರಳು ಚುಚ್ಚಿ ನೋಡಿದರು.

"ನೀರು ಸ್ವಲ್ಪ ಕಡಿಮೆ ಹಾಕಿ," ಎಂದರು ಅತ್ತೆ.

ಅಲ್ಲಿಂದ ಹೊಸನಗರದ ಬಸ್ಸು ಹತ್ತಿದೆವು. ಹೊಸನಗರದಲ್ಲಿ ಇಳಿದು ಸೀದಾ ಏಜೆಂಟರ ಮನೆಯ ಅಂಗಳಕ್ಕೆ ನಡೆದರು. ಕಟ್ಟೆಯ ಮೇಲೆ ಒಂದು ಅಗಲವಾದ ಮಣ್ಣಿನ ಕುಂಡ. ಅದರ ತುಂಬ ಡೇರೆ ಚಿಗುರು, ಗೇಣುದ್ದ ಬೆಳೆದಿದ್ದವು. ಹೂ ಬಿಡಲು ಇನ್ನೂ ತಿಂಗಳುಗಳಿದ್ದವು. ಆದರೆ ಆ ಜಾತಿಯ ಕಾಂಡದಲ್ಲೇ ಕಪ್ಪುಗೆಂಪಿನ ಛಾಯೆ ಇರುತ್ತದೆ; ನನಗೇ ಗುರುತು ಸಿಕ್ಕಿತು. ಅತ್ತೆ ಕಟ್ಟೆ ಹಿಡಿದುಕೊಂಡರು.

ಏಜೆಂಟರ ಹೆಂಡತಿ ಹೊರಗೆ ಬಂದಳು. ಕುಂಡವನ್ನು ಮುಚ್ಚಲು ನೋಡಲಿಲ್ಲ. ಎರಡೂ ಕೈ ಮುಂದೆ ಚಾಚಿ, "ನೋಡಿ ಅಮ್ಮ, ಎರಡೂ ಇದಾವೆ. ಬಿದ್ದಿಲ್ಲ," ಎಂದಳು.

ಅತ್ತೆ ನಡೆದದ್ದನ್ನು ಹೇಳಿದರು. ಪಲ್ಯದ ಮಾತು ಬಂದಾಗ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು; ಅತ್ತೆಯ ಮುಖ ನೋಡಿ ನಿಲ್ಲಿಸಿದಳು.

"ಒಂದು ತುಂಡು ಕೊಡು," ಎಂದರು ಅತ್ತೆ. ಅವರು ಒಬ್ಬರನ್ನು ಕೊಡು ಎಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಕೇಳಿದ್ರೆ ಕೊಡಲ್ಲ. ನಾನೂ ನಿಮ್ಮ ಹತ್ರ ಮರ್ಯಾದೆಯಾಗಿ ಕೇಳಿದ್ದೆ. ನೀವೂ ಕೊಟ್ರಿ. ಬರ್ಲಿಲ್ಲ. ಅಗೆದು ನೋಡ್ದೆ, ಕಣ್ಣೇ ಇಲ್ಲ! ಅವತ್ತೇ ಗೊತ್ತಾಯ್ತು, ಈ ಡೇರೆ ಕೇಳಿದೋರಿಗೆ ಬರಲ್ಲ, ಕದ್ದೋರಿಗೇ ಬರೋದು ಅಂತ. ನೀವೂ ಕದ್ಕೊಂಡು ಹೋಗಿ."

"ಎಂತ?"

"ಕದೀರಿ ಅಮ್ಮ. ನಾನು ಕಾಫಿಗೆ ಹಾಲು ಇಡ್ತೀನಿ. ಕಾಯೋವರೆಗೆ ಹೊರಗೆ ಬರಲ್ಲ. ಮಣ್ಣು ಕೆದಕೋ ಕುರ್ಪಿ ಬಾಗಿಲ ಹಿಂದೆ ಇದೆ." ಎಂದವಳೇ ಒಳಗೆ ಹೋದಳು.

ಅತ್ತೆ ನನ್ನನ್ನು ನೋಡಿದರು. ನಾನು ಮಗುವನ್ನು ಬೇಕೆಂದೇ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರು ಕುರ್ಪಿ ತಂದು ಕಟ್ಟೆಯ ಪಕ್ಕ ಮಂಡಿಯೂರಿದರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಬಸ್ಸಿಗೆ ಬಂದವರಿಬ್ಬರು ನಿಂತು ನೋಡಿದರು. ಒಳಗಿನಿಂದ, "ಆಯ್ತಾ?" ಎಂದು ಕೇಳಿಸಿತು.

"ಇನ್ನೂ ಇಲ್ಲ!" ಎಂದರು ಅತ್ತೆ.

"ನಿಧಾನ. ಬೇರು ಹರೀಬೇಡಿ."

ಕಡೆಗೆ ಎರಡು ಚಿಗುರಿದ್ದ ಒಂದು ತುಂಡು ಕಣ್ಣುಸಮೇತ ಬಂತು. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು. ಏಜೆಂಟರ ಹೆಂಡತಿ ಎರಡು ಲೋಟ ಹಿಡಿದು ಬಂದು, ಕುಂಡದಲ್ಲಿನ ಗುಂಡಿಯನ್ನು ನೋಡಿ, "ಅಯ್ಯಯ್ಯೋ, ಯಾರೋ ಕದ್ದಿದಾರೆ! ಕೈ ಬಿದ್ದುಹೋಗ," ಎಂದಳು. ಅತ್ತೆ ಹೊರಗೆ ಎಲ್ಲೂ ನೀರನ್ನೂ ಮುಟ್ಟುವವರಲ್ಲ. ಆ ಕಾಫಿಯನ್ನು ಮಣ್ಣುಗೈಯಲ್ಲೇ ಹಿಡಿದು ಕುಡಿದರು.

ಬಸ್‌ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸು ನಿಂತಿತ್ತು. ಅತ್ತೆ ಸಾಗರದ ಬಸ್ಸು ಹತ್ತಿದರು. ನಾನೂ ಹಿಂದೆ ಹತ್ತಿದೆ. ಮೇಷ್ಟರ ತಾಯಿಯ ಮನೆ ಮುಟ್ಟಿದಾಗ, "ನೀ ಒಳಗೆ ಹೋಗು. ಮಗುವಿಗೆ ಹೊಟ್ಟೆನೋವು ಹೇಳಿ ಮದ್ದು ಕೇಳು," ಎಂದರು. ಆ ಹಿರಿಯರು ನನಗೆ ಓಮದ ನೀರು ಕಾಯಿಸಿಕೊಡುವಷ್ಟರಲ್ಲಿ ಅತ್ತೆ ಹಿತ್ತಲಿಗೆ ಹೋಗಿ ಬಂದರು. ಹೊರಡುವಾಗ ಅವರ ಸೆರಗಿನಲ್ಲಿ ಒಂದೇ ಚಿಗುರಿತ್ತು.

ಅತ್ತೆಯ ಮನಸ್ಸು ಕರಗಿತು ಎಂದು ನಾನು ತಿಳಿದೆ. ಬಸ್ಸಿನಲ್ಲಿ ಹಾಗೆಯೇ ಅಂದೆ ಕೂಡ.

"ಕರಗೂದು ಎಂತ? ಎಂಗಳ ಮನೆಯಲ್ಲಿ ಮತ್ತೆ ಯಾರಾದರೂ ಬೇಯಿಸಿದರೆ? ಇನ್ನೊಂದು ಕಡೆ ಇರಲಿ ಹೇಳಿ ಇಟ್ಟೆ. ಆ ಡಬ್ಬದ ಕಾವಲು ಚೊಲೋ ಇದ್ದು," ಎಂದರು.

ನಮ್ಮ ಡಬ್ಬದಲ್ಲಿ ಡೇರೆ ಬಂತು. ಮೇಷ್ಟರ ತಾಯಿಗೂ ಬಂತು. ಹೂ ಬಿಟ್ಟದ್ದನ್ನು ಅವರು ಬೀದಿಯವರನ್ನೆಲ್ಲ ಕರೆದು ತೋರಿಸಿದರಂತೆ. ಚಳಿಗಾಲದಲ್ಲಿ ಗೆಡ್ಡೆ ತೆಗೆದು, ಚೂರಿಯ ಲೆಕ್ಕ ತಿಳಿಯದ ಅವರು, ಕುತ್ತಿಗೆಸಮೇತ ಒಡೆದು ಹಂಚಿದರಂತೆ. ಎರಡು ವರ್ಷ ಕಳೆದು ಒಂದು ಮದುವೆಗೆ ನಾವು ಸಾಗರಕ್ಕೆ ಹೋದಾಗ ಇದೆಲ್ಲ ಕಿವಿಗೆ ಬಿತ್ತು. ಊಟದ ಪಂಕ್ತಿಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಅತ್ತೆಯ ಕೈಗುಣ ಹೊಗಳಿದರು. ಜವಳಿ ಅಂಗಡಿಯವರ ಮನೆಯ ಡೇರೆ ಈ ಸಲ ಹಳದಿ ಬಿಟ್ಟು ಕಪ್ಪುಗೆಂಪಾಗಿತ್ತು.

ವಕೀಲರ ಹೆಂಡತಿ ನಮ್ಮನ್ನು ಮನೆಗೆ ಕರೆದೊಯ್ದಳು. ಮಳೆಗಾಲದಲ್ಲಿ ಬಾಲ್ಕನಿಯ ತುಂಬ ಹೂವಿತ್ತಂತೆ. ಬೀದಿಯವರೆಲ್ಲ ಕೇಳಿಕೊಂಡು ಬರುತ್ತಾರಂತೆ, ಸಾಕಾಗಿಹೋಗಿದೆಯಂತೆ. ಹೊರಡುವಾಗ, "ನಿಮ್ಮದೇ ಜಾತಿ. ಇರಲಿ, ನೀವೂ ಒಂದು ತಗೊಳ್ಳಿ," ಎಂದು ದಪ್ಪನೆಯ ಗೆಡ್ಡೆಯೊಂದನ್ನು ಕುಂಕುಮದ ಜೊತೆ ನನ್ನ ಕೈಗಿಟ್ಟಳು.

ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಕತ್ತರಿಸಿದ ತುದಿಯನ್ನು ಹೆಬ್ಬೆರಳಿನಲ್ಲಿ ಸವರಿದರು. ನಾನೂ ಬಗ್ಗಿ ನೋಡಿದೆ. ಚೂರಿ ಕುತ್ತಿಗೆಯ ಈಚೆ ಬಿದ್ದಿತ್ತು.

"ಒಳ್ಳೇ ಗೆಡ್ಡೆ," ಎಂದರು ಅತ್ತೆ ವಕೀಲರ ಹೆಂಡತಿಗೆ. "ನಿಮ್ಮ ಕೈಗುಣ."

ಬಸ್ಸಿನಲ್ಲಿ ಕೂತ ಮೇಲೆ ನಾನು ಗೆಡ್ಡೆಯನ್ನು ಕಿಟಕಿಯಾಚೆ ಎಸೆಯಲು ಕೈಯೆತ್ತಿದೆ. ಅತ್ತೆ ತಡೆದರು.

"ಬಿಸಾಕಡ," ಎಂದರು. "ಮನೆಗೆ ಹೋಗಿ ಗೆಣಸಿನ ಬುಟ್ಟಿಗೆ ಹಾಕು."